ಹೈಸ್ಕೂಲ್ ಮೈದಾನದಿಂದ ಕಾಲೇಜು ಬೇಸ್‌ಬಾಲ್ ತಂಡಕ್ಕೆ: ಅಮೆರಿಕದ ಕನ್ನಡ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಕಾಲೇಜು ತಂಡ ಎಂದರೆ ಅಷ್ಟೇನೂ ದೊಡ್ಡ ಮಾತಲ್ಲ. ಕ್ಲಬ್ಬಿಗೆ ಸೇರಿ, ಕೆಎಸ್‌ಸಿಎ ಲೀಗಿನಲ್ಲಿ ಆಡಿ, ಹದಿನಾರರ ಒಳಗಿನ, ಹತ್ತೊಂಬತ್ತರ ಒಳಗಿನ ತಂಡಗಳ ಆಯ್ಕೆಗೆ ಹೋಗುವುದೇ ನಮಗೆ ಗೊತ್ತಿರುವ ದಾರಿ. ಕಾಲೇಜು ಆ ದಾರಿಯ ಪಕ್ಕದಲ್ಲೆಲ್ಲೋ ಇರುತ್ತದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಹಾಗಲ್ಲ. ಇಲ್ಲಿ ಹೈಸ್ಕೂಲ್ ಮುಗಿದ ಮೇಲೂ ಗಂಭೀರವಾಗಿ ಆಡಬೇಕೆನ್ನುವ ಬಹುಪಾಲು ಹುಡುಗರಿಗೆ ಕಾಲೇಜೇ ಮುಂದಿನ ಮೈದಾನ, ಮತ್ತು ಆ ಮೈದಾನದ ಬಾಗಿಲು ತೆರೆಯುವ ಕ್ರಮ ನಮ್ಮಂಥ ಹೊರಗಿನಿಂದ ಬಂದ ತಂದೆತಾಯಿಗಳಿಗೆ ಬಹಳ ತಡವಾಗಿ ಅರ್ಥವಾಗುತ್ತದೆ.

ನನ್ನ ಮಗ ಬಲಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಅವನು ಚೆನ್ನಾಗಿ ಎಸೆದರೆ ಯಾರೋ ಒಬ್ಬ ಕೋಚ್ ಬೇಲಿಯಾಚೆ ನಿಂತು ನೋಡಿ, ಹೆಸರು ಬರೆದುಕೊಂಡು ಹೋಗುತ್ತಾನೆ ಎಂದು ನಾನು ಎರಡು ವರ್ಷ ನಂಬಿದ್ದೆ. ಹಾಗೆ ಯಾರೂ ಬರಲಿಲ್ಲ. ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುವ ನೂರು ಹುಡುಗರಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ದೊಡ್ಡ ಸಂಘವಾದ ಎನ್‌ಸಿಎಎಯ ಕಾಲೇಜು ತಂಡಗಳಿಗೆ ಸೇರುವವರು ಸುಮಾರು ಏಳೆಂಟು ಮಂದಿ. ಅತ್ಯುನ್ನತ ಹಂತವಾದ ಡಿವಿಷನ್ 1ಕ್ಕೆ ಹೋಗುವವರು ಎರಡೋ ಮೂರೋ. ಈ ಏಳೆಂಟರೊಳಗಿನ ಬಹುಮಂದಿಯನ್ನು ಯಾರೂ ಹುಡುಕಿಕೊಂಡು ಬಂದಿರುವುದಿಲ್ಲ. ತಮಗೆ ನಿಜವಾಗಿ ಆಡಲು ಅವಕಾಶ ಸಿಗುವ ಕಾಲೇಜು ಯಾವುದೆಂದು ಅವರೇ ಹುಡುಕಿ, ಅಲ್ಲಿನ ಕೋಚ್‌ಗೆ ತಾವೇ ಬರೆದಿರುತ್ತಾರೆ. ಆ ಹುಡುಕಾಟವನ್ನು ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ಹೇಗೆ ನಡೆಸಬೇಕು ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಹಂತ 1: ಯಾವ ಯಾವ ಮೆಟ್ಟಿಲುಗಳಿವೆ ಎಂದು ತಿಳಿಯುವುದು

ಟಿವಿಯಲ್ಲಿ ಕಾಣುವ, ಪ್ರತಿ ಜೂನ್‌ನಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ಆಡುವ ತಂಡಗಳು ಡಿವಿಷನ್ 1ಕ್ಕೆ ಸೇರಿದವು. ಆ ಪಂದ್ಯಾವಳಿ 1950ರಿಂದಲೂ ಅದೇ ಊರಿನಲ್ಲಿ ನಡೆಯುತ್ತಿದೆ. ಇಂಥ ಕಾಲೇಜುಗಳು ಸುಮಾರು 300 ಇವೆ. ಅದರ ಕೆಳಗೆ ಡಿವಿಷನ್ 2 ಮತ್ತು ಡಿವಿಷನ್ 3, ಎನ್‌ಸಿಎಎಗೆ ಸೇರದ ಚಿಕ್ಕ ಕಾಲೇಜುಗಳ ಎನ್‌ಎಐಎ, ಎರಡು ವರ್ಷದ ಜೂನಿಯರ್ ಕಾಲೇಜುಗಳ ಎನ್‌ಜೆಸಿಎಎ, ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳದ್ದೇ ಆದ ಬೇರೆ ಸಂಘ, ಹೀಗೆ ಪಟ್ಟಿ ಉದ್ದವಾಗಿದೆ.

ಹಣದ ಲೆಕ್ಕ ಹಂತದಿಂದ ಹಂತಕ್ಕೆ ಬೇರೆ. ಡಿವಿಷನ್ 1ರಲ್ಲಿ ಬಹುಕಾಲ ಒಂದು ತಂಡಕ್ಕೆ ಒಟ್ಟು 11.7 ಸ್ಕಾಲರ್‌ಶಿಪ್ ಮಾತ್ರ ಇತ್ತು. ಅದನ್ನು ಹೆಚ್ಚೆಂದರೆ 27 ಆಟಗಾರರಿಗೆ ಹಂಚುತ್ತಿದ್ದರು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಆ ಮಿತಿ ಹೋಗಿ, ರಾಜಿಗೆ ಒಳಪಟ್ಟ ಕಾಲೇಜುಗಳಿಗೆ 34 ಆಟಗಾರರ ರೋಸ್ಟರ್ (ತಂಡದ ಪಟ್ಟಿ) ಮಿತಿ ಬಂದಿದೆ. ಅಷ್ಟೂ ಮಂದಿಗೆ ಪೂರ್ಣ ಸ್ಕಾಲರ್‌ಶಿಪ್ ಕೊಡಲು ಈಗ ನಿಯಮ ಅಡ್ಡಬರುವುದಿಲ್ಲವಾದರೂ, ಎಲ್ಲ ಕಾಲೇಜುಗಳ ಖಜಾನೆ ಒಂದೇ ಸಮನಾಗಿಲ್ಲದ ಕಾರಣ ಹಣ ಇಂದಿಗೂ ತುಂಡುತುಂಡಾಗಿಯೇ ಹಂಚಿಕೆಯಾಗುತ್ತದೆ. ಡಿವಿಷನ್ 2ರಲ್ಲಿ ತಂಡಕ್ಕೆ ಒಟ್ಟು 9 ಸ್ಕಾಲರ್‌ಶಿಪ್, ಎನ್‌ಎಐಎಯಲ್ಲಿ 12, ಎನ್‌ಜೆಸಿಎಎಯ ಮೇಲಿನ ಹಂತದಲ್ಲಿ 24. ಡಿವಿಷನ್ 3ರಲ್ಲಿ ಮತ್ತು ಡಿವಿಷನ್ 1ರಲ್ಲೇ ಇರುವ ಐವಿ ಲೀಗಿನ ಎಂಟು ಕಾಲೇಜುಗಳಲ್ಲಿ ಆಟಕ್ಕೆಂದು ಒಂದು ಡಾಲರ್ ಸಹ ಕೊಡುವಂತಿಲ್ಲ.

ಡಿವಿಷನ್ 3 ಎಂದೊಡನೆ ಮೂರನೇ ದರ್ಜೆ ಎಂದು ಮೂಗು ಮುರಿಯುವ ಅಭ್ಯಾಸ ನಮ್ಮವರಲ್ಲಿದೆ. ಎಂಐಟಿ, ಜಾನ್ಸ್ ಹಾಪ್ಕಿನ್ಸ್, ಶಿಕಾಗೋ ವಿಶ್ವವಿದ್ಯಾಲಯ, ಎಮೊರಿ, ಕ್ಯಾಲ್‌ಟೆಕ್ ಎಲ್ಲವೂ ಡಿವಿಷನ್ 3ರ ಕಾಲೇಜುಗಳೇ ಎಂದು ತಿಳಿದ ಮೇಲೆ ಆ ಮೂಗು ನೇರವಾಗುತ್ತದೆ. ಹಾಗೆಂದು ಇವೆಲ್ಲ ಆಟದಲ್ಲಿ ಒಂದೇ ಮಟ್ಟದವಲ್ಲ. ಜಾನ್ಸ್ ಹಾಪ್ಕಿನ್ಸ್‌ನ ತಂಡ ಬಲವಾದದ್ದು. ಕ್ಯಾಲ್‌ಟೆಕ್ ತಂಡವಾದರೋ ಸತತವಾಗಿ 228 ಪಂದ್ಯ ಸೋತು, 2013ರ ಫೆಬ್ರವರಿಯಲ್ಲಿ ಕೊನೆಗೂ ಒಂದನ್ನು ಗೆದ್ದಾಗ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

ಹಂತ 2: ಒಂಬತ್ತನೇ ತರಗತಿಯಲ್ಲೇ ಅಂಕಪಟ್ಟಿಯನ್ನು ಸರಿಮಾಡಿಕೊಳ್ಳುವುದು

ಡಿವಿಷನ್ 1 ಮತ್ತು 2ರಲ್ಲಿ ಆಡಲು ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ಅರ್ಹತೆ ಬೇಕು. ಅದಕ್ಕೆ ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ 16 ಕೋರ್ ಕೋರ್ಸುಗಳನ್ನು ಮುಗಿಸಬೇಕು. ಡಿವಿಷನ್ 1ರ ಲೆಕ್ಕದಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿನ ಗಣಿತ ಮೂರು ವರ್ಷ, ವಿಜ್ಞಾನ ಎರಡು, ಸಮಾಜ ವಿಜ್ಞಾನ ಎರಡು, ಈ ಮೊದಲ ಮೂರರಲ್ಲಿ ಯಾವುದಾದರೂ ಇನ್ನೊಂದು, ಉಳಿದ ನಾಲ್ಕು ಇವುಗಳಿಂದಲೋ ಪರಭಾಷೆಯಿಂದಲೋ ಬರಬಹುದು. ಹನ್ನೆರಡನೇ ತರಗತಿ ಆರಂಭವಾಗುವ ಮುನ್ನ ಈ ಹದಿನಾರರಲ್ಲಿ ಹತ್ತು ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವೇ ಆಗಿರಬೇಕು. ಈ ಕೋರ್ಸುಗಳ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, ಡಿವಿಷನ್ 1ಕ್ಕೆ ಕನಿಷ್ಠ 2.3, ಡಿವಿಷನ್ 2ಕ್ಕೆ 2.2. ಎಸ್‌ಎಟಿ, ಎಸಿಟಿ ಅಂಕಗಳ ಷರತ್ತನ್ನು ಎನ್‌ಸಿಎಎ 2023ರಲ್ಲಿ ಕೈಬಿಟ್ಟಿದೆ. ಆದರೆ ಕಾಲೇಜು ತನ್ನದೇ ಪ್ರವೇಶಕ್ಕೆ ಅವನ್ನು ಕೇಳಬಹುದು.

2.3 ಎಂಬ ಅಂಕಿ ನೋಡಿ ನಮ್ಮ ಮನೆಗಳಲ್ಲಿ ನಗುತ್ತಾರೆ. ಆದರೆ ಅದು ಬಾಗಿಲ ಹೊಸ್ತಿಲು ಮಾತ್ರ. ಒಳ್ಳೆಯ ಅಂಕಗಳಿಗೆ ಇಲ್ಲಿ ಎರಡು ಬೆಲೆಗಳಿವೆ. ಒಂದು, ಆಟದ ಸ್ಕಾಲರ್‌ಶಿಪ್ಪಿಗಿಂತ ಓದಿನ ಸ್ಕಾಲರ್‌ಶಿಪ್ ಅನೇಕ ಸಲ ದೊಡ್ಡದಾಗಿರುತ್ತದೆ. ಇನ್ನೊಂದು, ಪ್ರವೇಶ ವಿಭಾಗದಲ್ಲಿ ತಕರಾರಿಲ್ಲದೆ ಪಾಸಾಗುವ ಹುಡುಗ ಎಂದರೆ ಕೋಚ್‌ಗೂ ನೆಮ್ಮದಿ. ಹೈಸ್ಕೂಲಿನ ಕೌನ್ಸೆಲರ್ ಬಳಿ ಒಂಬತ್ತನೇ ತರಗತಿಯಲ್ಲೇ ಹೋಗಿ, ತೆಗೆದುಕೊಳ್ಳುವ ಪ್ರತಿಯೊಂದು ಕೋರ್ಸೂ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಮುಗಿಸಿದ ಕೋರ್ಸುಗಳು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಶುಲ್ಕವಿಲ್ಲದ ಪ್ರೊಫೈಲ್ ಖಾತೆಯೊಂದನ್ನು ಮೊದಲು ತೆರೆದಿಟ್ಟು, ಡಿವಿಷನ್ 1 ಅಥವಾ 2ರ ಮಾತು ಗಟ್ಟಿಯಾದಾಗ ಶುಲ್ಕದ ಖಾತೆಗೆ ಬದಲಿಸಿಕೊಂಡರೆ ಸಾಕು.

ಹಂತ 3: ಅಳತೆಯ ಅಂಕಿಗಳನ್ನು ಮನೆಯಲ್ಲೇ ತೆಗೆದುಕೊಳ್ಳುವುದು

ಬೇಸ್‌ಬಾಲ್ ಕೋಚ್‌ಗಳು ಅಂಕಿಗಳ ಭಾಷೆಯಲ್ಲಿ ಮಾತನಾಡುತ್ತಾರೆ. ಪಿಚರ್‌ಗೆ ಫಾಸ್ಟ್‌ಬಾಲ್ ವೇಗ, ಬ್ಯಾಟರ್‌ಗೆ ಬ್ಯಾಟಿನಿಂದ ಚೆಂಡು ಚಿಮ್ಮುವ ಎಕ್ಸಿಟ್ ವೆಲಾಸಿಟಿ, ಓಟಕ್ಕೆ 60 ಯಾರ್ಡ್ ಕಾಲ, ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ ಪಾಪ್ ಟೈಮ್. ಪಾಪ್ ಟೈಮ್ ಎಂದರೆ ಪಿಚರ್‌ನ ಚೆಂಡು ಕ್ಯಾಚರ್‌ನ ಮಿಟ್ಟಿಗೆ ಬಡಿದ ಶಬ್ದದಿಂದ, ಅವನು ಎಸೆದ ಚೆಂಡು ಸುಮಾರು 127 ಅಡಿ ದೂರದ ಎರಡನೇ ಬೇಸಿನ ಗ್ಲೌಸಿಗೆ ತಲುಪುವವರೆಗಿನ ಸಮಯ.

ಡಿವಿಷನ್ 1ರ ಕೋಚ್ ಗಮನಿಸುವ ಬಲಗೈ ಪಿಚರ್ ಸಾಮಾನ್ಯವಾಗಿ ಗಂಟೆಗೆ 88ರಿಂದ 90 ಮೈಲಿಗೂ ಮಿಕ್ಕಿ ಎಸೆಯುತ್ತಾನೆ, ಅಂದರೆ ಕ್ರಿಕೆಟ್ಟಿನ ಲೆಕ್ಕದಲ್ಲಿ 142ರಿಂದ 145 ಕಿಲೋಮೀಟರ್. ಎಡಗೈಯವರಿಗೆ ಒಂದೆರಡು ಮೈಲಿ ರಿಯಾಯಿತಿ ಇದೆ. 80ರಿಂದ 85 ಮೈಲಿಯ ಹುಡುಗ ಹತೋಟಿ ಚೆನ್ನಾಗಿದ್ದರೆ ಡಿವಿಷನ್ 3ರಲ್ಲಿ ಜಾಗ ಹುಡುಕಿಕೊಳ್ಳಬಲ್ಲ. 60 ಯಾರ್ಡ್ ಓಟ ಏಳು ಸೆಕೆಂಡಿನ ಒಳಗೆ, ಪಾಪ್ ಟೈಮ್ ಎರಡು ಸೆಕೆಂಡಿನ ಆಸುಪಾಸು, ಎಕ್ಸಿಟ್ ವೆಲಾಸಿಟಿ 90 ಮೈಲಿ ದಾಟುವುದು, ಇವು ಮೇಲಿನ ಹಂತದ ಅಳತೆಗಳು. ಇವು ಕಾನೂನಲ್ಲ, ವಾಡಿಕೆ. ಹದಿನಾರರ ಹುಡುಗ ಹದಿನೆಂಟಕ್ಕೆ ಮೂರಿಂಚು ಎತ್ತರ, ಹತ್ತು ಕೆಜಿ ತೂಕ ಹೆಚ್ಚಿಸಿಕೊಳ್ಳಬಹುದೆಂದು ಕೋಚ್‌ಗಳಿಗೂ ಗೊತ್ತು.

ಈ ಅಂಕಿಗಳು ತಿಳಿಯುವ ಮುನ್ನ ಶೋಕೇಸಿಗೆ, ಅಂದರೆ ಹುಡುಗರ ಆಟವನ್ನು ಅಳೆದು ಕೋಚ್‌ಗಳಿಗೆ ತೋರಿಸುವ ಶುಲ್ಕದ ಕಾರ್ಯಕ್ರಮಕ್ಕೆ, ಹೋಗಬಾರದು ಎಂಬುದನ್ನು ನಾವು ಕೆಟ್ಟು ಕಲಿತೆವು. ಹತ್ತನೇ ತರಗತಿಯ ಜನವರಿಯ ಚಳಿಯಲ್ಲಿ, ಎರಡು ತಿಂಗಳು ಚೆಂಡು ಮುಟ್ಟದೆ ಇದ್ದ ಮಗನನ್ನು ನಾನೇ ಉತ್ಸಾಹದಿಂದ ಒಂದು ಒಳಾಂಗಣ ಶೋಕೇಸಿಗೆ ಕರೆದೊಯ್ದೆ. ರೇಡಾರ್ ಗನ್ ಅವನ ವೇಗವನ್ನು 74 ಎಂದು ತೋರಿಸಿತು. ಆಯೋಜಕರು ಅದನ್ನು ಅವನ ಹೆಸರಿನ ಮುಂದೆ ಆನ್‌ಲೈನ್‌ನಲ್ಲಿ ಹಾಕಿದರು. ಏಪ್ರಿಲ್‌ನಲ್ಲಿ ಅವನು 81 ಎಸೆಯುತ್ತಿದ್ದ. ಆದರೆ ಹೆಸರು ಹುಡುಕಿದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ 74. ಅದನ್ನು ಹೊಸ ಅಂಕಿಯ ಕೆಳಗೆ ತಳ್ಳಲು ಒಂದು ವರ್ಷವೂ ಇನ್ನೊಂದು ಶೋಕೇಸಿನ ಶುಲ್ಕವೂ ಬೇಕಾಯಿತು. ಸಾಧಾರಣ ರೇಡಾರ್ ಗನ್ ಒಂದನ್ನು ತಂಡದ ನಾಲ್ಕು ಮನೆಯವರು ಸೇರಿ ಕೊಂಡುಕೊಂಡರೆ ಈ ಮುಜುಗರ ತಪ್ಪುತ್ತದೆ.

ಹಂತ 4: ತೋಳನ್ನು ಕಾಪಾಡುವುದು

ಪಿಚರ್ ಮಕ್ಕಳಿರುವ ಮನೆಯವರು ಉಳಿದದ್ದನ್ನು ಬಿಟ್ಟರೂ ಇದನ್ನು ಓದಬೇಕು. ಮೊಣಕೈ ಒಳಬದಿಯ ಯುಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಅದನ್ನು ಮರುರಚಿಸುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ 1974ರಲ್ಲಿ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ಗೆ; ಆಗ ಆತನ ವಯಸ್ಸು ಮೂವತ್ತು ದಾಟಿತ್ತು. ಇಂದು ಅದೇ ಹೆಸರಿನ ಶಸ್ತ್ರಚಿಕಿತ್ಸೆ ಹೈಸ್ಕೂಲ್ ಹುಡುಗರಿಗೂ ಆಗುತ್ತಿದೆ, ಮತ್ತು ಚೇತರಿಕೆಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯುವುದುಂಟು. ಹನ್ನೊಂದನೇ ತರಗತಿಯಲ್ಲಿ ಹೀಗಾದರೆ ಆಯ್ಕೆಯ ಕಾಲವೇ ಕೈತಪ್ಪುತ್ತದೆ.

ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಹೊರಡಿಸಿರುವ ಪಿಚ್ ಸ್ಮಾರ್ಟ್ ಸೂಚನೆಗಳ ಪ್ರಕಾರ, 15–16 ವಯಸ್ಸಿನವರು ದಿನಕ್ಕೆ 95ಕ್ಕಿಂತ, 17–18ರವರು 105ಕ್ಕಿಂತ ಹೆಚ್ಚು ಪಿಚ್ ಮಾಡಬಾರದು. 30 ದಾಟಿದರೆ ಒಂದು ದಿನ, 45 ದಾಟಿದರೆ ಎರಡು ದಿನ, 60 ದಾಟಿದರೆ ಮೂರು ದಿನ ವಿಶ್ರಾಂತಿ. ಕಿರಿಯರು 75, ಹಿರಿಯರು 80 ದಾಟಿದರೆ ನಾಲ್ಕು ದಿನ. ವರ್ಷದಲ್ಲಿ ಕೆಲವು ತಿಂಗಳು ಸ್ಪರ್ಧೆಯಲ್ಲಿ ಪಿಚಿಂಗ್ ಮಾಡಲೇಬಾರದು. 2017ರಿಂದ ಹೈಸ್ಕೂಲ್ ಪಂದ್ಯಗಳಿಗೆ ಪ್ರತಿ ರಾಜ್ಯ ಸಂಘವೂ ಪಿಚ್ ಮಿತಿಯ ನಿಯಮ ಮಾಡಿಕೊಂಡಿದೆ. ತೊಂದರೆ ಬರುವುದು ಎರಡು ತಂಡಗಳ ನಡುವೆ: ಗುರುವಾರ ಹೈಸ್ಕೂಲಿಗೆ 70 ಎಸೆದ ಹುಡುಗ ಶನಿವಾರ ಟ್ರಾವೆಲ್ ತಂಡಕ್ಕೆ (ಶಾಲೆಯ ಹೊರಗೆ ಊರೂರು ಸುತ್ತಿ ಆಡುವ ಖಾಸಗಿ ತಂಡ) ಮತ್ತೆ ಎಸೆಯುತ್ತಾನೆ, ಒಬ್ಬ ಕೋಚ್‌ನ ಲೆಕ್ಕ ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕ ಮನೆಯಲ್ಲೇ ಇರಬೇಕು. ನಮ್ಮಲ್ಲಿ ಆ ಕೆಲಸ ಮಾಡಿದವರು ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ನನ್ನ ಅಮ್ಮ. ಜಪದ ಎಣಿಕೆಗೆ ಬೆರಳಿಗೆ ಹಾಕಿಕೊಳ್ಳುವ ಕೌಂಟರನ್ನೇ ಮೈದಾನಕ್ಕೆ ತಂದು, ಮಡಿಸುವ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತು, ಮೊಮ್ಮಗ ಎಸೆದಾಗಲೆಲ್ಲ ಒಮ್ಮೆ ಒತ್ತುತ್ತಿದ್ದರು. ಸ್ಟ್ರೈಕ್ ಯಾವುದು, ಬಾಲ್ ಯಾವುದು ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ಆದರೆ ಅವರ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಹಂತ 5: ಬೇಸಿಗೆಯನ್ನು ಮೊದಲೇ ಯೋಜಿಸುವುದು, ಊರಿನ ಪ್ರಯಾಣವೂ ಸೇರಿ

ಹೈಸ್ಕೂಲ್ ಸೀಸನ್ ವಸಂತದಲ್ಲಿ ಇರುತ್ತದೆ. ಅದೇ ಹೊತ್ತಿಗೆ ಕಾಲೇಜು ತಂಡಗಳೂ ಫೆಬ್ರವರಿಯ ಮಧ್ಯದಿಂದ ತಮ್ಮ ಪಂದ್ಯಗಳಲ್ಲಿ ಮುಳುಗಿರುವುದರಿಂದ ಕೋಚ್‌ಗಳು ಹೈಸ್ಕೂಲ್ ಮೈದಾನಗಳಿಗೆ ಬರುವುದು ಕಡಿಮೆ. ಅವರು ಹುಡುಗರನ್ನು ನೋಡುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಟ್ರಾವೆಲ್ ತಂಡಗಳ ಪಂದ್ಯಾವಳಿ, ಶೋಕೇಸ್ ಮತ್ತು ತಮ್ಮದೇ ಕಾಲೇಜಿನ ಕ್ಯಾಂಪುಗಳಲ್ಲಿ. ಪರ್ಫೆಕ್ಟ್ ಗೇಮ್, ಪ್ರೆಪ್ ಬೇಸ್‌ಬಾಲ್‌ನಂಥ ಸಂಸ್ಥೆಗಳು ಇವುಗಳಲ್ಲಿ ಹೆಸರಾದವು. ಎಲ್ಲಕ್ಕೂ ಹೋಗಬೇಕಾಗಿಲ್ಲ, ಹೋಗುವಷ್ಟು ಹಣ ಯಾರ ಬಳಿಯೂ ಇರಲಾರದು. ಬೇಕೆನ್ನುವ ಕಾಲೇಜುಗಳ ಕೋಚ್‌ಗಳು ನಿಜವಾಗಿಯೂ ಬರುತ್ತಾರೆಯೇ ಎಂದು ವಿಚಾರಿಸಿ, ವರ್ಷಕ್ಕೆ ಎರಡು ಅಥವಾ ಮೂರನ್ನು ಆರಿಸಿಕೊಂಡರೆ ಸಾಕು. ಓದಿಗೆ ಹೆಸರಾದ ಕಾಲೇಜುಗಳ ಕೋಚ್‌ಗಳು ಒಟ್ಟಾಗಿ ಬರುವ ಕ್ಯಾಂಪುಗಳಿವೆ. ಒಳ್ಳೆಯ ಅಂಕಗಳಿರುವ ಹುಡುಗನಿಗೆ ಅವುಗಳಷ್ಟು ಲಾಭ ಬೇರೆಡೆ ಇಲ್ಲವೆಂಬುದು ನನ್ನ ಅನುಭವ. ಕಾಲೇಜಿನಿಂದ ಬರುವ ಕ್ಯಾಂಪ್ ಕರೆಯೋಲೆ ಮಾತ್ರ ಆಸಕ್ತಿಯ ಗುರುತಲ್ಲ. ಅದು ನೂರಾರು ಹುಡುಗರಿಗೆ ಹೋಗಿರುತ್ತದೆ.

ನಮ್ಮ ಮನೆಗಳಿಗೇ ವಿಶೇಷವಾದ ತೊಡಕೊಂದಿದೆ. ಶಾಲೆಗೆ ರಜೆ ಬಿದ್ದೊಡನೆ ಬೆಂಗಳೂರಿನ ವಿಮಾನ ಹತ್ತುವುದು ನಮ್ಮ ರೂಢಿ. ಹತ್ತನೇ ಮತ್ತು ಹನ್ನೊಂದನೇ ತರಗತಿಯ ನಂತರದ ಎರಡು ಬೇಸಿಗೆಗಳನ್ನು ಮಾತ್ರ ಬಿಟ್ಟುಕೊಡಲೇಬಾರದು. ಊರಿಗೆ ಹೋಗುವುದನ್ನು ಡಿಸೆಂಬರಿಗೆ ಹಾಕಿಕೊಂಡರೆ ಪಿಚರ್‌ನ ತೋಳಿಗೆ ಬೇಕಾದ ವಿಶ್ರಾಂತಿಯೂ ಅದೇ ಪ್ರಯಾಣದಲ್ಲಿ ಸಿಗುತ್ತದೆ. ಯುಗಾದಿಯಂದು ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹುಡುಗ ಯೂನಿಫಾರ್ಮಿನಲ್ಲೇ, ಕಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ಬರುವುದನ್ನು ಬಂಧುಮಿತ್ರರು ಒಂದೆರಡು ವರ್ಷ ಸಹಿಸಿಕೊಳ್ಳಬೇಕಾಗುತ್ತದೆ.

ಹಂತ 6: ವಿಡಿಯೊ

ಎರಡು ನಿಮಿಷ ಮೀರಬಾರದು. ಪಿಚರ್ ಆದರೆ ಕ್ಯಾಚರ್‌ನ ಹಿಂದಿನಿಂದಲೂ ಪಕ್ಕದಿಂದಲೂ, ಬ್ಯಾಟರ್ ಆದರೆ ಎದುರಿನ ಪಕ್ಕದಿಂದ, ಫೀಲ್ಡರ್ ಆದರೆ ಕಾಲಿನ ಚಲನೆ ಕಾಣುವಂತೆ ಚಿತ್ರಿಸಬೇಕು. ಹಿನ್ನೆಲೆ ಸಂಗೀತ, ನಿಧಾನಗತಿಯ ಮರುಪ್ರದರ್ಶನ ಯಾವುದೂ ಬೇಡ. ಆರಂಭದ ಪರದೆಯಲ್ಲಿ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಸ್ಥಾನ, ಎತ್ತರ, ತೂಕ, ಜಿಪಿಎ, ಸಂಪರ್ಕ ಇದ್ದರೆ ಆಯಿತು. ದುಡ್ಡು ಕೊಟ್ಟು ಮಾಡಿಸುವ ಅಗತ್ಯವೇ ಇಲ್ಲ, ಫೋನ್ ಮತ್ತು ಟ್ರೈಪಾಡ್ ಸಾಕು.

ಹಂತ 7: ಪಟ್ಟಿ ಮಾಡಿ, ಹುಡುಗನೇ ಬರೆಯುವುದು

ಹತ್ತನೇ ತರಗತಿಯ ಕೊನೆಯ ಹೊತ್ತಿಗೆ ಮೂವತ್ತು ನಲವತ್ತು ಕಾಲೇಜುಗಳ ಪಟ್ಟಿ ಇರಬೇಕು. ಆಟವೇ ಇಲ್ಲದಿದ್ದರೂ ಇಲ್ಲಿ ಓದುತ್ತೇನೆಯೇ ಎಂಬ ಪ್ರಶ್ನೆಗೆ ಹೌದು ಎನ್ನಿಸದ ಕಾಲೇಜನ್ನು ಅಲ್ಲೇ ತೆಗೆದುಹಾಕಬೇಕು. ಗಾಯವಾದರೆ ಉಳಿಯುವುದು ಆ ಓದೇ. ನಂತರ ಪ್ರತಿ ಕಾಲೇಜಿನ ಬೇಸ್‌ಬಾಲ್ ತಾಣದಲ್ಲಿರುವ ರೋಸ್ಟರನ್ನು ತೆರೆದು ಓದಬೇಕು. ಅಲ್ಲಿ ಪ್ರತಿ ಆಟಗಾರನ ಸ್ಥಾನ, ವರ್ಷ, ಎತ್ತರ, ಹಿಂದಿನ ಶಾಲೆ ಎಲ್ಲವೂ ಇರುತ್ತದೆ. ಹುಡುಗ ಸೇರುವ ವರ್ಷಕ್ಕೆ ಎಷ್ಟು ಪಿಚರ್‌ಗಳು ಓದು ಮುಗಿಸಿ ಹೋಗುತ್ತಾರೆ, ಈಗಿನವರಲ್ಲಿ ಎಷ್ಟು ಮಂದಿ ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗಿ ಬಂದವರು ಎಂದು ಎಣಿಸಿದರೆ, ಕೋಚ್ ಬಾಯಿಬಿಟ್ಟು ಹೇಳದ ವಿಷಯ ಗೊತ್ತಾಗುತ್ತದೆ. ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂದ ಮೇಲೆ ದೊಡ್ಡ ತಂಡಗಳ ಕೋಚ್‌ಗಳು ಹದಿನೆಂಟರ ಹುಡುಗನನ್ನು ಬೆಳೆಸುವುದಕ್ಕಿಂತ ಇಪ್ಪತ್ತೊಂದರ ಬೆಳೆದವನನ್ನು ತರುವುದನ್ನೇ ಇಷ್ಟಪಡುವಂತಾಗಿದೆ. ಹೈಸ್ಕೂಲಿನಿಂದ ನೇರ ಬರುವವರಿಗೆ ಅಷ್ಟರ ಮಟ್ಟಿಗೆ ಜಾಗ ಕಿರಿದಾಗಿದೆ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಕಾಲೇಜಿನ ರಿಕ್ರೂಟಿಂಗ್ ನೋಡಿಕೊಳ್ಳುವ ಸಹಾಯಕ ಕೋಚ್‌ಗೆ ಇಮೇಲ್ ಹೋಗಬೇಕು. ತಂದೆತಾಯಿ ಬರೆಯಬಾರದು. ನಾನು ಬರೆದುಕೊಟ್ಟ ಮೊದಲ ಕರಡು ನಮ್ಮ ಕಾಲದ ರಜಾ ಅರ್ಜಿಯಂತಿತ್ತು: ಮಾನ್ಯರೇ ಎಂದು ಆರಂಭವಾಗಿ, ಬಾಲ್ಯದಿಂದಲೂ ಮಗನಿಗೆ ಆಟದಲ್ಲಿರುವ ಆಸಕ್ತಿಯನ್ನು ಮೂರು ಪ್ಯಾರಾಗಳಲ್ಲಿ ವರ್ಣಿಸಿ, ತಮ್ಮ ಅಮೂಲ್ಯ ಸಮಯಕ್ಕೆ ವಂದನೆ ಹೇಳಿ ಮುಗಿಯುತ್ತಿತ್ತು. ಹತ್ತು ಕಾಲೇಜುಗಳಿಗೆ ಹೋಯಿತು, ಒಂದೂ ಉತ್ತರವಿಲ್ಲ. ಮಗ ಅದನ್ನು ಅಳಿಸಿ ತಾನೇ ಬರೆದದ್ದರ ಸಾರ ಹೀಗಿತ್ತು:

“ಕೋಚ್, ನಾನು 2024ರಲ್ಲಿ ಹೈಸ್ಕೂಲ್ ಮುಗಿಸುವ ಬಲಗೈ ಪಿಚರ್, ಆರಡಿ ಒಂದಿಂಚು, 175 ಪೌಂಡ್. ಫಾಸ್ಟ್‌ಬಾಲ್ 81ರಿಂದ 83, ಸ್ಲೈಡರ್ 72. ಜಿಪಿಎ 3.9, ಕಂಪ್ಯೂಟರ್ ಸೈನ್ಸ್ ಓದುವ ಆಸೆ. ನಿಮ್ಮ ನಾಲ್ವರು ಪಿಚರ್‌ಗಳು ನಾನು ಸೇರುವ ವರ್ಷಕ್ಕೆ ಮುಗಿಸುತ್ತಿದ್ದಾರೆ ಎಂದು ರೋಸ್ಟರ್‌ನಲ್ಲಿ ನೋಡಿದೆ. ವಿಡಿಯೊ ಕೆಳಗಿದೆ. ಮುಂದಿನ ಶನಿವಾರ ಹತ್ತು ಗಂಟೆಗೆ ಎರಡನೇ ಮೈದಾನದಲ್ಲಿ ಎಸೆಯುತ್ತೇನೆ.”

ಇಪ್ಪತ್ತೆಂಟು ಕಾಲೇಜುಗಳಿಗೆ ಹೋದ ಈ ಪತ್ರಕ್ಕೆ ಒಂಬತ್ತು ಉತ್ತರ ಬಂದವು. ಕೋಚ್ ಫೋನಿನಲ್ಲಿ ಓದಿ ಅರ್ಧ ನಿಮಿಷದಲ್ಲಿ ತೀರ್ಮಾನಿಸುವಷ್ಟು ವಿಷಯ ಅದರಲ್ಲಿತ್ತು, ಅವನ ತಂಡವನ್ನು ನೋಡಿಯೇ ಬರೆದಿದ್ದಾನೆಂಬುದೂ ಕಾಣುತ್ತಿತ್ತು. ಉತ್ತರ ಬಾರದಿದ್ದರೆ ಆರೇಳು ವಾರಗಳಿಗೊಮ್ಮೆ, ಹೊಸದಾಗಿ ಹೇಳಲು ಏನಾದರೂ ಇದ್ದಾಗ, ಮತ್ತೆ ಬರೆಯಬೇಕು.

ಉತ್ತರ ಬಾರದಿರುವುದಕ್ಕೆ ನಿಯಮವೂ ಕಾರಣವಿರಬಹುದು. ಹನ್ನೊಂದನೇ ತರಗತಿಗೆ ಕಾಲಿಡುವ ವರ್ಷದ ಆಗಸ್ಟ್ 1ರ ಮೊದಲು ಡಿವಿಷನ್ 1ರ ಬೇಸ್‌ಬಾಲ್ ಕೋಚ್ ಹುಡುಗನೊಂದಿಗೆ ಆಯ್ಕೆಯ ಮಾತು ಆಡುವಂತಿಲ್ಲ. ಕ್ಯಾಂಪಿನ ಮಾಹಿತಿ, ಪ್ರಶ್ನಾವಳಿಗಳನ್ನು ಮಾತ್ರ ಕಳುಹಿಸಬಹುದು. ಡಿವಿಷನ್ 3 ಮತ್ತು ಎನ್‌ಎಐಎಗಳಲ್ಲಿ ಕಟ್ಟು ಸಡಿಲ. ಹುಡುಗನಿಂದ ಕೋಚ್‌ಗೆ ಹೋಗುವ ಇಮೇಲಿಗೆ ಯಾವ ಹಂತದಲ್ಲೂ ಅಡ್ಡಿಯಿಲ್ಲ.

ಹಂತ 8: ಭೇಟಿ ಮತ್ತು ಕೇಳಬೇಕಾದ ಪ್ರಶ್ನೆಗಳು

ಕೋಚ್ ಕ್ಯಾಂಪಸ್ಸಿಗೆ ಕರೆದಾಗ ಮಾತು ಹುಡುಗನದ್ದು, ತಂದೆತಾಯಿ ಒಂದು ಹೆಜ್ಜೆ ಹಿಂದೆ. ನಮ್ಮ ಸಂಕೋಚಕ್ಕೆ ಇದು ಕಷ್ಟವಾದರೂ, ಕೆಲವು ಪ್ರಶ್ನೆಗಳನ್ನು ನೇರವಾಗಿಯೇ ಕೇಳಬೇಕು. ನನ್ನ ಸ್ಥಾನಕ್ಕೆ ಈ ವರ್ಷ ಇನ್ನೆಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ? ನಿಮ್ಮ ಪಟ್ಟಿಯಲ್ಲಿ ನಾನು ಎಷ್ಟನೆಯವನು? ಮೊದಲ ವರ್ಷ ಆಡದ ಹುಡುಗರು ಎರಡನೇ ವರ್ಷಕ್ಕೆ ಉಳಿದಿದ್ದಾರೆಯೇ? ಸಂಜೆ ಲ್ಯಾಬ್ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡದಲ್ಲಿ ಎಷ್ಟು ಮಂದಿ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಅದೇ ಉತ್ತರ. ಡಿವಿಷನ್ 1ರ ತಂಡ ಫೆಬ್ರವರಿಯಿಂದ ಮೇವರೆಗೆ 56 ಪಂದ್ಯ ಆಡಬಹುದು, ವಾರಾಂತ್ಯಕ್ಕೆ ಶುಕ್ರವಾರವೇ ಬಸ್ ಹೊರಡುತ್ತದೆ.

ಡಿವಿಷನ್ 3ರ ಆಯ್ದ ಕಾಲೇಜುಗಳಲ್ಲಿ ಹನ್ನೊಂದರ ನಂತರದ ಬೇಸಿಗೆಯಲ್ಲಿ ಪ್ರೀ-ರೀಡ್ ಎಂಬುದು ನಡೆಯುತ್ತದೆ. ಕೋಚ್ ಹುಡುಗನ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಮುಂಚಿತವಾಗಿ ತೋರಿಸಿ, ಸಾಧ್ಯತೆ ಎಷ್ಟೆಂದು ತಿಳಿದುಕೊಳ್ಳುತ್ತಾನೆ. ಅಲ್ಲಿ ಒಪ್ಪಿಗೆ ಸಿಕ್ಕರೆ, ಸಾಮಾನ್ಯವಾಗಿ ನವೆಂಬರಿನಲ್ಲಿ ಅರ್ಲಿ ಡಿಸಿಷನ್ ಅರ್ಜಿ ಹಾಕಲು ಕೋಚ್ ಕೇಳುತ್ತಾನೆ. ಅದು ಪ್ರವೇಶ ಸಿಕ್ಕರೆ ಸೇರಲೇಬೇಕಾದ ಬದ್ಧತೆಯ ಅರ್ಜಿಯಾದ್ದರಿಂದ, ಖರ್ಚಿನ ಅಂದಾಜನ್ನು ಆ ಕಾಲೇಜಿನದೇ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ಮೊದಲೇ ನೋಡಿಕೊಂಡಿರಬೇಕು. ನನ್ನ ಮಗ ಸೇರಿದ್ದು ಈ ದಾರಿಯಲ್ಲಿ.

ಹಂತ 9: ಹಣ, ವೀಸಾ, ಸಹಿ

ಬಾಯಿಮಾತಿನ ಆಫರ್‌ಗೆ ಎರಡೂ ಕಡೆ ಕಾನೂನಿನ ಬಲವಿಲ್ಲ. ಹಿಂದೆ ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರ 2024ರ ಅಕ್ಟೋಬರಿನಲ್ಲಿ ರದ್ದಾಗಿ, ಅದರ ಜಾಗದಲ್ಲಿ ಈಗ ಕಾಲೇಜಿನ ಲಿಖಿತ ಹಣಕಾಸು ನೆರವಿನ ಒಪ್ಪಂದವಿದೆ. ಅದು ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಗಾಯವಾದರೆ ಏನಾಗುತ್ತದೆ, ಓದಿನ ಸ್ಕಾಲರ್‌ಶಿಪ್ಪಿನ ಜೊತೆ ಕೂಡುತ್ತದೆಯೋ ಕಳೆಯುತ್ತದೆಯೋ ಎಂದು ಓದಿ ಸಹಿ ಮಾಡಬೇಕು.

ಎಚ್-1ಬಿ ಕುಟುಂಬಗಳ ಎಚ್-4 ಮಕ್ಕಳಿಗೆ ಇನ್ನೂ ಮೂರು ಸಂಗತಿಗಳಿವೆ. ಆಟದ ಅಥವಾ ಓದಿನ ಸ್ಕಾಲರ್‌ಶಿಪ್ ಪಡೆಯಲು ವೀಸಾ ಅಡ್ಡಿಯಲ್ಲ. ಆದರೆ ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ಅವರಿಗೆ ಸಿಗುವುದಿಲ್ಲ. ರಾಜ್ಯದ ನಿವಾಸಿಗಳ ಶುಲ್ಕದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಪ್ಪತ್ತೊಂದು ತುಂಬುವಷ್ಟರಲ್ಲಿ ಗ್ರೀನ್ ಕಾರ್ಡ್ ಬಾರದಿದ್ದರೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು, ಮತ್ತು ಅದು ಮೂರನೇ ವರ್ಷದ ಸೀಸನ್ನಿನ ನಡುವೆಯೇ ಬರುವ ಸಂಭವ ಹೆಚ್ಚು. ಹೆಸರು, ಚಿತ್ರ ಬಳಸಿ ಆಟಗಾರರು ಹಣ ಗಳಿಸುವ ಎನ್‌ಐಎಲ್ ಒಪ್ಪಂದಗಳನ್ನಂತೂ ವಲಸೆ ವಕೀಲರನ್ನು ಕೇಳದೆ ಮುಟ್ಟಲೇಬಾರದು. ಜೊತೆಯ ಆಟಗಾರ ಮಾಡಿದ್ದನ್ನು ನೋಡಿ ಮಾಡಿದರೆ, ಅವನಿಗೆ ಅದು ಜೇಬಿನ ಖರ್ಚು, ನಮ್ಮ ಹುಡುಗನಿಗೆ ವೀಸಾದ ಪ್ರಶ್ನೆ.

ಹಂತ 10: ಬೇರೆ ದಾರಿಗಳು

ಹನ್ನೆರಡನೇ ತರಗತಿಯ ಫೆಬ್ರವರಿಯಾದರೂ ಯಾವ ಮಾತೂ ಬರದಿದ್ದರೆ ಎರಡು ವರ್ಷದ ಜೂನಿಯರ್ ಕಾಲೇಜು ಗಂಭೀರ ಆಯ್ಕೆ. ಶುಲ್ಕ ಕಡಿಮೆ, ಆಡುವ ಅವಕಾಶ ಹೆಚ್ಚು, ಅಲ್ಲಿಂದ ನಾಲ್ಕು ವರ್ಷದ ಕಾಲೇಜಿಗೆ ಹೋಗುವವರು ಬಹಳ. ಕ್ರೆಡಿಟ್‌ಗಳು ಮುಂದಿನ ಕಾಲೇಜಿಗೆ ಸಲ್ಲುತ್ತವೆಯೇ ಎಂಬುದನ್ನು ಮಾತ್ರ ಸೇರುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನು ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೇಜರ್ ಲೀಗ್ ಡ್ರಾಫ್ಟ್. 2021ರಿಂದ ಅದು ಕೇವಲ 20 ಸುತ್ತುಗಳದ್ದು, ನೂರರಲ್ಲಿ ತೊಂಬತ್ತೊಂಬತ್ತು ಮನೆಗಳಿಗೆ ಸಂಬಂಧಿಸಿದ್ದಲ್ಲ. ಆದರೂ ನಿಯಮ ತಿಳಿದಿರಲಿ: ನಾಲ್ಕು ವರ್ಷದ ಕಾಲೇಜಿಗೆ ಸೇರಿದವನನ್ನು ಮೂರನೇ ವರ್ಷ ಮುಗಿಯುವವರೆಗೆ ಅಥವಾ ಇಪ್ಪತ್ತೊಂದು ತುಂಬುವವರೆಗೆ ಆರಿಸುವಂತಿಲ್ಲ, ಜೂನಿಯರ್ ಕಾಲೇಜಿನವನಿಗೆ ಆ ಕಾಯುವಿಕೆ ಇಲ್ಲ. ಭಾರತೀಯ ಮೂಲದ ಇಬ್ಬರು ಈ ಕವಲಿನಲ್ಲಿ ಬೇರೆ ಬೇರೆ ಕಡೆ ತಿರುಗಿದರು. ತಾಯಿಯ ಕಡೆಯಿಂದ ಭಾರತೀಯನಾದ ಕುಮಾರ್ ರಾಕರ್‌ನನ್ನು 2018ರಲ್ಲಿ ಹೈಸ್ಕೂಲಿನಿಂದಲೇ 38ನೇ ಸುತ್ತಿನಲ್ಲಿ ಆರಿಸಿದ್ದರೂ ಅವನು ವ್ಯಾಂಡರ್‌ಬಿಲ್ಟ್‌ಗೆ ಹೋದ. ಮರುವರ್ಷವೇ ಡ್ಯೂಕ್ ವಿರುದ್ಧ 19 ಸ್ಟ್ರೈಕ್‌ಔಟ್‌ಗಳ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಬಿಟ್ಟುಕೊಡದ ಪಂದ್ಯ) ಎಸೆದು, ಒಮಾಹಾದಲ್ಲಿ ಶ್ರೇಷ್ಠ ಆಟಗಾರನಾಗಿ, 2022ರ ಡ್ರಾಫ್ಟಿನಲ್ಲಿ ಮೂರನೆಯವನಾಗಿ ಟೆಕ್ಸಸ್ ರೇಂಜರ್ಸ್ ಸೇರಿದ. ಭಾರತದಿಂದ ವಲಸೆ ಬಂದ ದಂಪತಿಯ ಮಗ ಅರ್ಜುನ್ ನಿಮ್ಮಲ ಫ್ಲಾರಿಡಾ ಸ್ಟೇಟ್‌ಗೆ ಮಾತು ಕೊಟ್ಟಿದ್ದರೂ, 2023ರಲ್ಲಿ ಟೊರಾಂಟೊ ಬ್ಲೂ ಜೇಸ್ ಇಪ್ಪತ್ತನೆಯವನಾಗಿ ಆರಿಸಿದಾಗ ಕಾಲೇಜು ಬಿಟ್ಟು ಸಹಿ ಮಾಡಿದ.

ಹಂತ 11: ಸೇರುವ ಮುನ್ನದ ಕಾಗದಪತ್ರ

ಡಿವಿಷನ್ 1 ಅಥವಾ 2ಕ್ಕೆ ಸೇರುವವರು ಹನ್ನೆರಡನೇ ತರಗತಿಯ ಏಪ್ರಿಲ್ 1ರ ನಂತರ ಎಲಿಜಿಬಿಲಿಟಿ ಸೆಂಟರ್‌ನ ಖಾತೆಯಲ್ಲಿ ಹವ್ಯಾಸಿ ಆಟಗಾರನೆಂಬ ಅಂತಿಮ ದೃಢೀಕರಣವನ್ನು ಕೋರಬೇಕು, ಮತ್ತು ಜೂನ್‌ನಲ್ಲಿ ಕೊನೆಯ ಅಂಕಪಟ್ಟಿಯನ್ನು ಶಾಲೆಯಿಂದಲೇ ಕಳುಹಿಸಬೇಕು. ಮೂರೂ ಡಿವಿಷನ್‌ಗಳಲ್ಲಿ ಅಭ್ಯಾಸಕ್ಕೆ ಇಳಿಯುವ ಮೊದಲು ವೈದ್ಯಕೀಯ ತಪಾಸಣೆ ಕಡ್ಡಾಯ, ಮತ್ತು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷದ ಲಕ್ಷಣದ ಬಗ್ಗೆ ದಾಖಲೆಯನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಈ ಪರೀಕ್ಷೆ ಹುಟ್ಟಿದ ಆಸ್ಪತ್ರೆಯಲ್ಲೇ ಆಗಿರುವುದರಿಂದ ಹಳೆಯ ವರದಿ ಹುಡುಕಿದರೆ ಸಾಕಾಗಬಹುದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿ ಇಲ್ಲಿಗೆ ಬಂದ ಹುಡುಗನ ಬಳಿ ಆ ವರದಿ ಸಾಮಾನ್ಯವಾಗಿ ಇರುವುದಿಲ್ಲ. ಜುಲೈನಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿ ಕಾಲೇಜಿಗೆ ಕಳುಹಿಸಿದರೆ, ಆಗಸ್ಟಿನ ಕೊನೆಯಲ್ಲಿ ಉಳಿದವರೆಲ್ಲ ಮೈದಾನದಲ್ಲಿರುವಾಗ ಅವನೊಬ್ಬ ತಂಡದ ಟ್ರೇನರ್ ಕೊಠಡಿಯಲ್ಲಿ ಕಾಯುವುದು ತಪ್ಪುತ್ತದೆ.